ಆಣೆ ಮಾಡದ ಮನೆ

ಮೊಸರಿನ ಪಾತ್ರೆ ಉರುಳಿ ಬಿದ್ದಿತ್ತು. ನಾನು ಮದುವೆಯಾಗಿ ಹಿಂದೂಪುರಕ್ಕೆ ಬಂದ ಹೊಸತು. ಹೆದರಿಕೊಂಡು, "ದೇವರಾಣೆ ನಾನಲ್ಲ ಅತ್ತೆಮ್ಮ, ಬೆಕ್ಕು" ಎಂದುಬಿಟ್ಟೆ. ಅತ್ತೆ ಮೊಸರಿನ ಕಡೆ ನೋಡಲೇ ಇಲ್ಲ. ಗೋಡೆಗೆ ಒರಗಿ ಕೂತುಬಿಟ್ಟರು.

"ಈ ಮನೇಲಿ ಆ ಮಾತು ಆಡಬ್ಯಾಡ ಕಣಮ್ಮ. ನಿಜ ಆದ್ರೂ ಆಡಬ್ಯಾಡ" ಎಂದರು.

ಅವರ ಮೂಲ ಲೇಪಾಕ್ಷಿ ಕಡೆಯ ಹಳ್ಳಿ. ಮನೆದೇವರು ವೀರಭದ್ರ. ಎಷ್ಟೋ ತಲೆಮಾರಿನ ಹಿಂದೆ ಅಣ್ಣತಮ್ಮಂದಿರಿಬ್ಬರು ಹೊಲದ ಬದುವಿನ ಮೇಲೆ ಜಗಳವಾಡಿ, ಗುಡಿಯಲ್ಲಿ ಕರ್ಪೂರ ಹಚ್ಚಿ, ಅದನ್ನು ಅಂಗೈಯಿಂದ ಆರಿಸಿ ಪ್ರಮಾಣ ಮಾಡಿದರಂತೆ. ಇಬ್ಬರೂ ತಾವು ಹೇಳಿದ್ದೇ ನಿಜವೆಂದು ನಂಬಿದ್ದವರು. ವರ್ಷ ತುಂಬುವುದರೊಳಗೆ ಇಬ್ಬರ ಮನೆಯ ತೊಟ್ಟಿಲೂ ಬರಿದಾಯಿತಂತೆ. ಅಂದಿನಿಂದ ಆ ರಕ್ತದವರು ಗುಡಿಯಲ್ಲಾಗಲಿ ಪಂಚಾಯತಿಯಲ್ಲಾಗಲಿ ಆಣೆ ಮಾಡುವುದಿಲ್ಲ. ಸುತ್ತಿನ ಹಳ್ಳಿಗಳಿಗೆಲ್ಲ ಇದು ಗೊತ್ತು. ಅವರನ್ನು ಯಾರೂ ಆಣೆಗೆ ಕರೆಯುವುದೂ ಇಲ್ಲ. ಬಾಯಲ್ಲಿ ಹೇಳಿದರೆ ಸಾಕು, ಅಲ್ಲಿಗೆ ಮುಗಿಯಿತು ಎನ್ನುತ್ತಾರೆ.

ಕೋರ್ಟಿಗೆ ಅದು ಗೊತ್ತಿರಲಿಲ್ಲ.

ನನ್ನ ನಾದಿನಿಯನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿತ್ತು. ಗಂಡ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುವವನು. ತಿರುಗುತ್ತ ತಿರುಗುತ್ತ ಇನ್ನೊಂದು ಊರಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡ. ಅದನ್ನೂ ಅವಳು ನುಂಗಿಕೊಂಡಳು. ಆಮೇಲೆ ಅವನಿಗೆ ಕಲ್ಯಾಣದುರ್ಗದ ಮನೆಯೂ ಬೇಕಾಯಿತು. ಅದು ಎರಡು ಕೋಣೆಯ ಮನೆ. ಒಂದರಲ್ಲಿ ಅವಳ ಹೊಲಿಗೆ ಮೆಷಿನ್ನು, ಇನ್ನೊಂದರಲ್ಲಿ ಒಲೆ ಮತ್ತು ದೇವರು. ಒಂದು ದಿನ ಅವಳು ಬೀದಿ ನಲ್ಲಿಗೆ ನೀರಿಗೆ ಹೋಗಿದ್ದಾಗ ಅವನು ಬಂದು ತನ್ನ ಬೀಗ ಹಾಕಿಕೊಂಡು ಹೋದ. ಅಕ್ಕಪಕ್ಕದವರು ಫೋನು ಮಾಡಿ ಬೈದು ಬಿಚ್ಚಿಸಿದರು. ಅಲ್ಲಿಂದಾಚೆಗೆ ಅವಳು ಕಸ ಹಾಕಲು ಹೋದರೂ ಬೀಗ ಹಾಕಿಕೊಂಡು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಆ ಎರಡು ಕೋಣೆಯಿಂದ ತನ್ನನ್ನು ಯಾರೂ ಹೊರಗೆ ಹಾಕಬಾರದು ಅಂತ ಕೇಸು ಹಾಕಿದಳು. ಬೇರೇನೂ ಕೇಳಲಿಲ್ಲ.

ಕೇಸು ನಡೆದ ಕೋರ್ಟು ಯಾವ ಊರಿನದೆಂದು ಇಲ್ಲಿ ಬರೆಯುವುದಿಲ್ಲ. ಕಲ್ಯಾಣದುರ್ಗದಿಂದ ಬಸ್ಸು ಹತ್ತಿ ಹೋಗಬೇಕಿತ್ತು, ಅಷ್ಟು ಸಾಕು. ಅವಳು ಸಾಕ್ಷಿ ಹೇಳಬೇಕಾದ ದಿನ ಜೊತೆಗೆ ನಾನು ಹೋದೆ. ನನ್ನ ಯಜಮಾನರು ಹುಣಸೆಹಣ್ಣಿನ ಮಂಡಿಯಲ್ಲಿ ಕೆಲಸಕ್ಕಿರುವವರು, ಅದು ಹಣ್ಣು ಬಂದು ಬೀಳುವ ಕಾಲ. "ನೀನೇ ಹೋಗ್ಬಾ, ಅವಳಿಗೆ ಧೈರ್ಯ ಇರ್ತದೆ" ಎಂದರು. ನನಗೆ ಧೈರ್ಯ ಎಲ್ಲಿಂದ ಬರಬೇಕೆಂದು ಕೇಳಲಿಲ್ಲ. ಬೆಳಿಗ್ಗೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಮೊಸರನ್ನದ ಡಬ್ಬಿ ಚೀಲಕ್ಕೆ ಹಾಕಿ ಹೊರಟೆ.

ಕೋರ್ಟು ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಜಾಗ ಸಿಕ್ಕಿತು. ಜನ ಕಿಕ್ಕಿರಿದಿದ್ದರು, ಕರೆಂಟು ಹೋಗಿ ಫ್ಯಾನು ನಿಂತಿತ್ತು. ಜಡ್ಜಿಯವರು ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಲೇ ಒಂದಾದಮೇಲೊಂದು ಕೇಸು ಕರೆಯುತ್ತಿದ್ದರು. ನಾದಿನಿಯ ಹೆಸರು ಕೂಗಿದರು. ಅವಳು ಸೆರಗು ಸರಿಮಾಡಿಕೊಂಡು ಬೋನು ಹತ್ತಿದಳು. ಅಟೆಂಡರು ರೂಢಿಯಂತೆ ತೆಲುಗಿನಲ್ಲಿ ಹೇಳಿಕೊಟ್ಟ, "ದೇವುನಿ ಸಾಕ್ಷಿಗಾ ಅಂತಾ ನಿಜಮೇ ಚೆಪ್ತಾನು." ದೇವರ ಸಾಕ್ಷಿಯಾಗಿ ಎಲ್ಲ ನಿಜವನ್ನೇ ಹೇಳುತ್ತೇನೆ ಎಂದು.

ಅವಳು ಬಾಯಿ ಬಿಡಲಿಲ್ಲ. ಅವನು ಮತ್ತೊಮ್ಮೆ ಹೇಳಿದ. ಅವಳು ಕೈಮುಗಿದು, ತಮ್ಮ ಮನೆತನದಲ್ಲಿ ದೇವರ ಮೇಲೆ ಪ್ರಮಾಣ ಮಾಡುವುದಿಲ್ಲ, ಹಾಗೇ ಕೇಳಿ, ನಿಜವನ್ನೇ ಹೇಳುತ್ತೇನೆ ಎಂದಳು. ತೆಲುಗಿನಲ್ಲೇ ಚೆನ್ನಾಗಿಯೇ ಹೇಳಿದಳು. ಮುಂದಿನ ಸಾಲಿನಲ್ಲಿ ಒಂದಿಬ್ಬರು ವಕೀಲರು ನಕ್ಕರು.

ನನಗನ್ನಿಸುತ್ತದೆ, ಆ ನಗುವೇ ಜಡ್ಜಿಯವರನ್ನು ಕೆರಳಿಸಿತು. "ಪ್ರಮಾಣಂ ಚೆಯ್ಯನಿ ದಾನಿವಿ ಕೋರ್ಟುಕೆಂದುಕು ವಚ್ಚಾವ್?" ಎಂದರು. ಪ್ರಮಾಣ ಮಾಡದವಳು ಕೋರ್ಟಿಗೆ ಯಾಕೆ ಬಂದೆ ಅಂತ. ಅವಳು ಹೇಳಿದ್ದನ್ನೇ ಮತ್ತೆ ಹೇಳಿದಳು. ಸುಳ್ಳು ಹೇಳುವವರಿಗೇ ದೇವರೆಂದರೆ ಭಯ ಎಂದರು ಅವರು. ಎದುರಿಗೆ ನಿಂತಿದ್ದ ಅವಳ ಗಂಡನನ್ನು, "ಇವಳು ಹೇಳೋದು ನಿಜವಾ?" ಎಂದು ಕೇಳಿದರು. ಅವನು ತನ್ನ ಚಪ್ಪಲಿ ನೋಡಿಕೊಂಡು ಸುಮ್ಮನೆ ನಿಂತ. ಆಗ ಜಡ್ಜಿಯವರು ಇಡೀ ಹಾಲಿಗೆ ಕೇಳುವಂತೆ, "ಇಲಾಂಟಿ ದಾನ್ನಿ ಎವಡು ಏಲುಕುಂಟಾಡು?" ಎಂದರು. ಇಂಥವಳನ್ನು ಯಾವನು ಬಾಳಿಸುತ್ತಾನೆ ಎಂದು.

ಆಮೇಲೆ ಅವಳನ್ನು ಬೋನಿನಿಂದ ಇಳಿಸಿ ಗೋಡೆಯ ಪಕ್ಕ ನಿಲ್ಲಿಸಿದರು. ಬುದ್ಧಿ ಬರಲಿ ಅಂತ. ಊಟದ ಹೊತ್ತು ಕಳೆಯಿತು, ಕೋರ್ಟು ಏಳುವವರೆಗೂ ನಿಂತೇ ಇದ್ದಳು. ನೀರಿನ ಬಾಟಲಿ ತೋರಿಸಿ ಅಟೆಂಡರಿನ ಮುಖ ನೋಡಿದೆ. ಅವನು ಕಣ್ಣಲ್ಲೇ ಬೇಡವೆಂದ. ಆ ಗೋಡೆ ಬಿಸಿಲು ಬೀಳದ ಕಡೆಯದು. ಅಷ್ಟು ಮಟ್ಟಿಗೆ ಶಿವ ಅವಳ ಕಡೆ ನೋಡಿದ ಅಂದುಕೊಂಡೆ.

ಕಲ್ಯಾಣದುರ್ಗದ ಮನೆಗೆ ವಾಪಸು ಬಂದು, ಅವಳು ಕಾಲು ತೊಳೆದು, ದೇವರ ಮುಂದೆ ಕೂತು ಹೇಳಿದಳು. "ಅತ್ತಿಗೆ, ನಾನಿನ್ನು ಆ ಒಳಕ್ಕೆ ಹೋಗಾಕಿಲ್ಲ. ಮನೆ ಹೋದ್ರೆ ಹೋಗ್ಲಿ."

"ಎಲ್ಲಿಗೆ ಹೋಯ್ತೀಯೇ ಆಮ್ಯಾಕೆ?"

"ನಿಮ್ಮ ಅಡುಗೆಮನೇಲಿ ಒಂದು ಚಾಪೆ ಜಾಗ ಇಲ್ವಾ?"

ಜಾಗ ಇತ್ತು. ಆದರೆ ಹುಟ್ಟಿದ ಮನೆಯಲ್ಲಿ ಅವಳು ಅದನ್ನು ಬಾಯಿ ಬಿಟ್ಟು ಕೇಳುವಂತಾಯಿತಲ್ಲ. ಅವಳ ವಕೀಲರಂತೂ ಸ್ಪಷ್ಟವಾಗಿ ಹೇಳಿಬಿಟ್ಟರು. ಅವಳು ಬೋನು ಹತ್ತಿ ಸಾಕ್ಷಿ ಹೇಳದಿದ್ದರೆ ಕೇಸು ವಜಾ, ಕೇಸು ವಜಾ ಆದರೆ ಮನೆ ಅವನದು.

ಜಡ್ಜಿಯ ಮೇಲೆ ದೂರು ಕೊಡಬಹುದು ಎಂಬುದು ನಮ್ಮ ಯಜಮಾನರಿಗೆ ಮಂಡಿಯಲ್ಲಿ ಯಾರೋ ಹೇಳಿದ ಮಾತು. ಅತ್ತೆ ಕೇಳಿ ಬೆಚ್ಚಿಬಿದ್ದರು. "ಜಡ್ಜಿ ಮ್ಯಾಲೇನ್ಲಾ? ಪೊಲೀಸಿನವರ ಮ್ಯಾಲೆ ಕೊಡಾಕೇ ನಮಗೆ ಗತಿ ಇಲ್ಲ!"

"ಜಡ್ಜಿಗೂ ಮ್ಯಾಲೆ ಜಡ್ಜಿ ಇರ್ತಾರೆ ಕಣಮ್ಮ" ಎಂದರು ಇವರು.

ವಕೀಲರನ್ನು ಕೇಳಿದರೆ ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ರೋಜೂ ಆಯನ ಮುಂದರೇ ನಿಲಬಡಾಲಿ ಕದಮ್ಮಾ" ಎಂದರು. ದಿನಾ ಅವರ ಮುಂದೆಯೇ ನಿಂತುಕೊಳ್ಳಬೇಕಲ್ಲ ತಾಯಿ ಎಂದು. ನನಗೆ ಸಿಟ್ಟು ಬರಲಿಲ್ಲ. ಅವರಿಗೂ ಸಂಸಾರವಿದೆ. ಯಾವ ವಿಳಾಸಕ್ಕೆ ಕಳಿಸಬೇಕೆಂದು ಮಾತ್ರ ಹೇಳಿಕೊಟ್ಟರು, ಜೊತೆಗೆ ಅವಳಿಗೆ ಆರೋಗ್ಯ ಸರಿಯಿಲ್ಲವೆಂದು ಅರ್ಜಿ ಕೊಟ್ಟು ವಾಯಿದೆ ತೆಗೆದುಕೊಂಡರು. ಅದೂ ಉಪಕಾರವೇ.

ಹಿಂದೂಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಟೈಪು ಮಾಡುವ ಅಂಗಡಿಯಲ್ಲಿ ಕೂತು ಇವರು ಹೇಳುತ್ತ ಹೋದರು, ಅವನು ಹೊಡೆಯುತ್ತ ಹೋದ. ವಾಯಿದೆ ಮೇಲೆ ವಾಯಿದೆ ಕೊಟ್ಟಿದ್ದು, ಎದುರು ಪಾರ್ಟಿಗೆ ಬೇಕಾದಷ್ಟು ಟೈಮು ಕೊಟ್ಟಿದ್ದು, ಕೊನೆಗೆ ಅವಳನ್ನು ಬೈದು ನಿಲ್ಲಿಸಿದ್ದು, ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದ ಹಾಗೆ ತುಂಬಿಸಿದರು. ನಾದಿನಿ ಸಹಿ ಮಾಡಿದಳು. ರಿಜಿಸ್ಟರ್ ಪೋಸ್ಟಿನಲ್ಲಿ ಹೈಕೋರ್ಟಿಗೆ ಹೋಯಿತು. ನಾನು ದಿನಾ ದೀಪ ಹಚ್ಚುವಾಗ ಅದನ್ನೂ ನೆನೆಸಿಕೊಳ್ಳುತ್ತಿದ್ದೆ. ಮಳೆಗಾಲ ಹೋಯಿತು, ದಸರೆ ಹೋಯಿತು, ಕಾರ್ತಿಕ ಹೋಯಿತು. ದೇವರಿಗೆ ಅದೊಂದನ್ನೇ ಹೇಳಿ ಹೇಳಿ ನನಗೇ ಬೇಸರ ಬಂದಿತ್ತು.

ಕೊನೆಗೆ ಇಂಗ್ಲಿಷಿನಲ್ಲಿ ಉತ್ತರ ಬಂತು. ಪಕ್ಕದ ಮನೆಯ ಟೀಚರಮ್ಮ ಓದಿ ಹೇಳಿದಳು. ವಾಯಿದೆ, ಆರ್ಡರು ಇವುಗಳ ಮೇಲೆ ಬೇಸರವಿದ್ದರೆ ಮೇಲಿನ ಕೋರ್ಟಿಗೆ ಅಪೀಲು ಹೋಗಬೇಕು, ಅದು ದೂರಿನ ವಿಷಯವಲ್ಲ. ಜಡ್ಜಿಯ ನಡತೆ, ಮಾತು, ಇವುಗಳ ಬಗ್ಗೆಯಾದರೆ ನೋಡುತ್ತಾರೆ. ಆದರೆ ಬರೀ ಅರ್ಜಿಯ ಮೇಲೆ ನೋಡುವುದಿಲ್ಲ. ಕಂಡದ್ದು ಕೇಳಿದ್ದು ಏನೆಂದು ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕು.

"ಏನಂತಮ್ಮ?" ಎಂದು ಅತ್ತೆ ಕೇಳಿದರು.

"ಆಣೆ ಮಾಡಿ ಕೊಡ್ಬೇಕಂತೆ ಅತ್ತೆಮ್ಮ."

ಆ ಕೋರ್ಟಿನ ದಿನದ ಮೇಲೆ ನಾದಿನಿ ನಕ್ಕಿದ್ದನ್ನು ನಾನು ಅವತ್ತೇ ನೋಡಿದ್ದು. "ಆಣೆ ಮಾಡಾಕಿಲ್ಲ ಅಂದಿದ್ದಕ್ಕೆ ಬೈದ್ರು ಅಂತ ಹೇಳಾಕೂ ಆಣೆ ಮಾಡ್ಬೇಕಾ ಅತ್ತಿಗೆ?" ಎಂದಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು.

ಹಾಗಾದರೆ ನಾನು ಮಾಡುತ್ತೇನೆ ಎಂದೆ. ಅವತ್ತು ಅಲ್ಲೇ ಕೂತು ನೋಡಿದವಳು ನಾನು. ನನ್ನ ತವರು ಸೋಮಂದೇಪಲ್ಲಿ ಕಡೆಯದು, ನಮ್ಮ ಮಲ್ಲೇಶ್ವರನಿಗೆ ಇಂಥ ಕಟ್ಟಳೆ ಇಲ್ಲ.

"ಧಾರೆ ಎರೆದ ಮ್ಯಾಲೆ ನಿನಗ್ಯಾವ ತವರಮ್ಮ?" ಎಂದರು ಅತ್ತೆ. "ಈ ಮನೆ ದೇವರಿಗೆ ಎಡೆ ಇಡೋಳು ನೀನು. ನಿನ್ನ ಹೊಟ್ಟೇಲಿ ಹುಟ್ಟಿದೋವು ಈ ರಕ್ತ ಅಲ್ವಾ?"

"ಅವಳು ಅಡುಗೆಗೆ ಉಪ್ಪು ಜಾಸ್ತಿ ಹಾಕ್ದಾಗ ಮಾತ್ರ ಅವಳ ತವರು ನಿಂಗೆ ನೆಪ್ಪಾಯ್ತದಲ್ಲಮ್ಮ" ಎಂದರು ಇವರು.

"ನೀನು ಸುಮ್ಕಿರ್ಲಾ, ಹೆಂಡ್ರ ವಕೀಲ!"

ಜಗಳ ಹರಿಯಲಿಲ್ಲ. ಹಳ್ಳಿಗೆ ಹೋಗಿ ವೀರಭದ್ರನ ಗುಡಿಯಲ್ಲೇ ಕೇಳೋಣ ಎಂದಾಯಿತು. ಪೂಜಾರಿ ತಾತ ದೇವರ ಮೇಲೆ ಹೂವು ಏರಿಸಿದರು. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ನಾವು ಕೈಮುಗಿದು ಕೂತೆವು. ಹೂವು ಬೀಳಲೇ ಇಲ್ಲ. ನೊಣ ಬಂದು ಕೂತು ಎದ್ದು ಹೋಯಿತು, ಹೂವು ಮಾತ್ರ ಅಂಟಿಸಿದ ಹಾಗೆ ಇತ್ತು. ಅತ್ತೆಗೆ ಮಂಡಿ ನೋವು, ನನಗೆ ಬಸ್ಸಿನ ಯೋಚನೆ. ಕೊನೆಗೆ ತಾತನಿಗೇ ಸಾಕಾಯಿತು.

"ಬ್ಯಾಡ ಅಂತ ಏನೂ ಅಂದಿಲ್ವಲ್ಲಮ್ಮ ಸ್ವಾಮಿ. ಅವರಿಗೂ ಇದು ಹೊಸ ಕೇಸು. ಹೋಗು, ಕಂಡಿದ್ದಷ್ಟೇ ಹೇಳು. ಒಂದು ಕಾಳು ಹೆಚ್ಚಿಗೆ ಹೇಳಬ್ಯಾಡ."

ನಾನು ಅದನ್ನೇ ಅಪ್ಪಣೆ ಅಂದುಕೊಂಡೆ.

ಈ ಸಲ ದೂರು ಒಂದೇ ಹಾಳೆಯಷ್ಟಾಯಿತು. ವಾಯಿದೆ, ಆರ್ಡರು ಯಾವುದೂ ಬೇಡವೆಂದು ಬಿಡಿಸಿದೆ. ಆದರೆ ಜಡ್ಜಿಯವರು ಆಡಿದ ಮಾತನ್ನು ಆಡಿದಂತೆಯೇ ಬರೆಯಿಸಬೇಕಿತ್ತು. ಮನೆಯಲ್ಲಿ ನಾನು ಅದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಟೈಪು ಮಾಡುವವನ ಮುಂದೆ ತಲೆ ಬಗ್ಗಿಸಿ ಹೇಳಿದೆ. ಅವನ ಕೈ ನಿಂತಿತು. "ಇದೇ ಮಾತಾ ಅಮ್ಮಾ?" ಎಂದ. "ಇದೇ ಮಾತು" ಎಂದೆ. ನೋಟರಿಯ ಮುಂದೆ ಕೈ ಎತ್ತಿ ಪ್ರಮಾಣ ಮಾಡಿದೆ. ಮನೆಗೆ ಬಂದಾಗ ಅತ್ತೆ ಬಚ್ಚಲಿಗೆ ಬಿಸಿನೀರು ತೋಡಿಟ್ಟಿದ್ದರು. ತಲೆಗೆ ನೀರು ಹಾಕಿಸಿ, ಒದ್ದೆ ಕೂದಲಲ್ಲೇ ದೇವರ ಮುಂದೆ ಕೂರಿಸಿದರು. ಆಮೇಲೆ ಸುಮಾರು ದಿನ ಮಕ್ಕಳಲ್ಲಿ ಯಾರು ಕೆಮ್ಮಿದರೂ ಅವರು ನನ್ನ ಮುಖ ನೋಡುವುದು, ನಾನು ದೇವರ ಮುಖ ನೋಡುವುದು. ಮಕ್ಕಳಿಗೆ ಏನೂ ಆಗಲಿಲ್ಲ. ನೆಗಡಿಗಳೆಲ್ಲ ನೆಗಡಿಯಾಗಿಯೇ ಬಂದು ಹೋದವು.

ಮತ್ತೆ ಕಾಯುವುದು. ನಾದಿನಿ ಕಲ್ಯಾಣದುರ್ಗದಲ್ಲಿ ರವಿಕೆ ಹೊಲಿಯುತ್ತ ಕಾದಳು, ನಾನು ಹಿಂದೂಪುರದಲ್ಲಿ ಪಾತ್ರೆ ತೊಳೆಯುತ್ತ ಕಾದೆ. ವಕೀಲರು ಇನ್ನೊಂದು ವಾಯಿದೆ ಸಿಗುವುದು ಕಷ್ಟ ಎಂದು ಹೇಳಿದ ವಾರವೇ ಜಿಲ್ಲಾ ಕೋರ್ಟಿನಿಂದ ಫೋನು ಬಂತು. ವಿಚಾರಣೆಗೆ ಬೇರೆ ಕಡೆಯ ದೊಡ್ಡ ಜಡ್ಜಿ ಬರುತ್ತಾರೆ, ಕಲ್ಯಾಣದುರ್ಗದ ಸರ್ಕಾರಿ ಬಂಗಲೆಗೆ ಇಬ್ಬರೂ ಬರಬೇಕು, ಯಾರಿಗೂ ಹೇಳಬಾರದು ಎಂದರು.

ಹೆಂಗಸರಿಗೆ ಟಿಕೆಟ್ ಬೇಡವೆಂದಾದ ಮೇಲೆ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಿಂತೇ ಹೋದೆ. ಅರ್ಧ ದಾರಿಯಲ್ಲಿ ಒಬ್ಬ ಮುದುಕಿ ತನ್ನ ಮೊಮ್ಮಗನನ್ನು ತೊಡೆಗೆ ಎಳೆದುಕೊಂಡು, "ಕೂಚೋ ತಲ್ಲೀ" ಎಂದು ಜಾಗ ಬಿಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ.

ಬಂದಿದ್ದವರು ಹೆಂಗಸು. ತಲೆಗೂದಲು ಅರ್ಧ ನರೆತಿತ್ತು, ಕಪ್ಪು ಕೋಟು ಇರಲಿಲ್ಲ, ನೂಲಿನ ಸೀರೆ. ಪಕ್ಕದಲ್ಲಿ ಟೈಪು ಮಾಡುವ ಒಬ್ಬ ಹುಡುಗಿ ಮಾತ್ರ. ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದರು. ನಾನು ಎಲ್ಲಿ ಕೂತಿದ್ದೆ, ಅಲ್ಲಿಂದ ಕಿವಿಗೆ ಕೇಳುವಂತಿತ್ತೇ, ಜಡ್ಜಿಯವರು ಆ ಮಾತನ್ನು ಅವಳಿಗೆ ಹೇಳಿದರೋ ವಕೀಲರಿಗೋ, ನಿಲ್ಲು ಎಂದು ಬಾಯಲ್ಲಿ ಹೇಳಿದರೋ ಕೈಸನ್ನೆಯೋ, ಎಲ್ಲ ಕೇಳಿದರು. ನನ್ನ ತೆಲುಗು ತಡವರಿಸಿದಾಗ ಕಾದರು.

"ಎದುರು ಪಾರ್ಟಿಯಿಂದ ಅವರು ಏನಾದರೂ ತೆಗೆದುಕೊಂಡಿದ್ದಾರೆ ಅಂತ ಅನುಮಾನ ಉಂಟಾ?" ಎಂದು ಕೇಳಿದರು.

"ನಾನು ಕಂಡಿಲ್ಲಮ್ಮ. ಕಾಣದ್ದು ಹೇಳಲ್ಲ" ಎಂದೆ. ಅವರು ಬರೆಯುವುದು ಬಿಟ್ಟು ಒಮ್ಮೆ ನನ್ನ ಮುಖ ನೋಡಿದರು.

"ಅವರಿಗೆ ಏನಾಗಬೇಕು ಅಂತ ನಿಮ್ಮ ಆಸೆ?"

"ಅದು ನಿಮಗೆ ಸೇರಿದ್ದು. ನಮ್ಮ ಹುಡುಗಿ ಮತ್ತೆ ಬೋನು ಹತ್ತಬೇಕು. ಇಲ್ಲದಿದ್ರೆ ಅವಳ ಮನೆ ಹೋಗ್ತದೆ."

ಆಮೇಲೆ ನಾದಿನಿ ಒಳಗೆ ಹೋದಳು. ನಾನು ಜಗುಲಿಯಲ್ಲಿ ಕೂತು ಮನಸ್ಸಿನಲ್ಲೇ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ. ಅವಳು ಹೊರಗೆ ಬಂದಾಗ ಮುಖ ವಿಚಿತ್ರವಾಗಿತ್ತು.

"ಏನಂದ್ರೇ?"

"ಪ್ರಮಾಣ ಬ್ಯಾಡವಂತೆ ಅತ್ತಿಗೆ."

"ಎಲ್ಲಿ ಬ್ಯಾಡ?"

"ಎಲ್ಲೂ ಬ್ಯಾಡವಂತೆ! ದೇವರ ಹೆಸರು ಹೇಳಾಕೆ ಆಗ್ದೋರು, ನಾನು ಹೇಳೋದೆಲ್ಲ ನಿಜ ಅಂತ ಗಟ್ಟಿಯಾಗಿ ಹೇಳಿದ್ರೆ ಸಾಕಂತೆ. ಕಾನೂನಿನಾಗೇ ಐತಂತೆ. ಬೋನಿನಾಗೂ ಅಷ್ಟೇ, ಆ ಕಾಗದಕ್ಕೂ ಅಷ್ಟೇ. ಎರಡಕ್ಕೂ ಒಂದೇ ಬೆಲೆ ಅಂತ ಜಡ್ಜಮ್ಮ ಹೇಳಿದ್ರು."

ನಾನು ಜಗುಲಿಯ ಕಂಬಕ್ಕೆ ಒರಗಿದೆ. ಅವತ್ತು ಬೋನಿನಲ್ಲಿ ಯಾರಾದರೂ ಈ ಒಂದು ಮಾತು ಹೇಳಿದ್ದರೆ! ಜಡ್ಜಿಯವರು ಓದಿದವರು, ವಕೀಲರು ಓದಿದವರು, ನಕ್ಕವರೂ ಓದಿದವರೇ. ಗೊತ್ತಿರಲಿಲ್ಲವೆಂದು ನಾನು ಹೇಗೆ ನಂಬಲಿ? ಆ ಸೆಕೆಯಲ್ಲಿ, ಅವಸರದಲ್ಲಿ, ಯಾರಿಗೂ ಹೇಳಬೇಕೆನಿಸಲಿಲ್ಲ.

ಅಟೆಂಡರನ್ನು ಕರೆದಿದ್ದರು. ತಾನು ಆ ಹೊತ್ತಿಗೆ ಹೊರಗೆ ಹೆಸರು ಕೂಗುತ್ತಿದ್ದೆ, ಏನೂ ಕೇಳಿಸಲಿಲ್ಲ ಎಂದು ಹೇಳಿ, ನಮ್ಮ ಕಡೆ ನೋಡದೆ ಹೋದ. ವಕೀಲರು ಯಾರೂ ಬರಲಿಲ್ಲ. ಇನ್ನು ನನ್ನ ಮಾತು ಒಂದೇ, ನಾನೋ ಮನೆಯವಳು. ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ ಅಂದುಕೊಳ್ಳುತ್ತಿರುವಾಗ ಗೇಟಿನ ಹತ್ತಿರ ಬೈಕು ನಿಂತಿತು. ನಾದಿನಿಯ ಗಂಡ. ಅವನನ್ನೂ ಕರೆಸಿದ್ದರು.

ನಾದಿನಿ ಎದ್ದು ಕಂಬದ ಆಚೆಗೆ ಹೋದಳು. ಅವನು ಮೆಟ್ಟಿಲ ಬಳಿ ನಿಂತು, "ಚೆನ್ನಾಗಿದ್ದೀರಾ ಅಕ್ಕ?" ಎಂದ.

"ನೀನು ಇಟ್ಟಂಗೆ ಇದ್ದೀವಪ್ಪ" ಎಂದೆ. "ಇಲ್ಲೂ ಚಪ್ಪಲಿ ನೋಡ್ಕಂಡು ನಿಂತ್ಕೋಬೇಕು ಅಂತ ಬಂದ್ಯಾ?"

ಅವನು ಒಳಗೆ ಹೋದ. ಸುಮಾರು ಹೊತ್ತಾಯಿತು. ಒಳಗೆ ಏನು ಹೇಳುತ್ತಿದ್ದಾನೋ ಎಂದು ಬಾಗಿಲನ್ನೇ ನೋಡುತ್ತ ಕೂತೆ. ಕೇಸಿನಲ್ಲಿ ಅವನು ಎದುರು ಪಾರ್ಟಿ. ಇವರು ಸುಳ್ಳು ಹೇಳುತ್ತಿದ್ದಾರೆ ಎಂದು ಅವನು ಒಂದು ಮಾತು ಆಡಿದರೆ ದೂರೂ ಹೋಯಿತು, ಮನೆಯೂ ಹೋಯಿತು. ಹೊರಗೆ ಬಂದವನು ಬೈಕಿನ ಕಡೆ ಹೋಗಿ, ಮತ್ತೆ ತಿರುಗಿ ಬಂದ.

"ಅವರ ಮನೇಲಿ ಆಣೆ ಮಾಡಾಕಿಲ್ಲ ಅನ್ನೋದು ನಿಜ ಅಂತ ಹೇಳ್ಬುಟ್ಟೆ ಅಕ್ಕ. ನಮ್ಮ ಮದುವೆ ಮಾತುಕತೇಲೂ ನಿಮ್ಮ ಮಾವನವರು ಆಣೆ ಮಾಡಲಿಲ್ಲ, ಬರೇ ಮಾತು ಕೊಟ್ಟಿದ್ರು. ಜಡ್ಜಿ ಸಾರು ಅಂದಿದ್ದೂ ಹೇಳ್ದೆ, ನಿಲ್ಲಿಸಿದ್ದೂ ಹೇಳ್ದೆ."

ನಾನು ಅವನ ಮುಖವನ್ನೇ ನೋಡಿದೆ. "ಅವತ್ತು ಯಾಕಪ್ಪ ಬಾಯಿ ಬಿಡಲಿಲ್ಲ?"

"ಅವತ್ತು ಗೆಲ್ಲಬೇಕಿತ್ತು."

"ಈವತ್ತು?"

"ಈವತ್ತೂ ಗೆಲ್ಲಬೇಕು. ಮನೆ ನಂದೇ." ಬೈಕಿನ ಕೀ ತಿರುಗಿಸುತ್ತ ಅಂದ. "ಆದ್ರೆ ವೀರಭದ್ರನ ಮಾತಿನಾಗೆ ಸುಳ್ಳು ಹೇಳಾಕೆ ನಂಗೆ ಧೈರ್ಯ ಇಲ್ಲ ಅಕ್ಕ. ನಾನು ರೋಡಿನ ಮ್ಯಾಲೆ ಇರೋನು."

ಕಂಬದ ಆಚೆಯಿಂದ ನಾದಿನಿ, "ಹೆಂಡ್ತಿ ವಿಷಯದಾಗೆ ಇತ್ತಲ್ಲ ಧೈರ್ಯ" ಎಂದಳು. ಅವನಿಗೆ ಕೇಳಿಸಿತು. ಬೈಕು ಸ್ಟಾರ್ಟು ಮಾಡಿಕೊಂಡು ಹೋದ.

ಅವನ ಮೇಲೆ ನನಗಿದ್ದ ಸಿಟ್ಟು ಕಡಿಮೆಯಾಗಲಿಲ್ಲ. ಆದರೂ ಅವತ್ತು ಸಂಜೆ ದೀಪ ಹಚ್ಚುವಾಗ ಅವನ ಹೆಸರಿಗೂ ಒಂದು ಬತ್ತಿ ಹಾಕಿದೆ. ಅತ್ತೆಗೆ ಹೇಳಲಿಲ್ಲ.

ಮತ್ತೆ ತಿಂಗಳುಗಳು. ವಿಚಾರಣೆ ನಡೆದಿದೆ ಎಂದು ಕೇಸಿಗೂ ವಾಯಿದೆ ಸಿಗುತ್ತ ಹೋಯಿತು. ಜಡ್ಜಿಯವರಿಂದ ಬರಹದಲ್ಲಿ ಉತ್ತರ ಕೇಳಿದ್ದಾರಂತೆ ಎಂದು ಒಬ್ಬರು, ಅವರ ಸರ್ವೀಸಿನಲ್ಲಿ ಕೆಂಪು ಗೆರೆ ಬಿತ್ತಂತೆ ಎಂದು ಇನ್ನೊಬ್ಬರು. ಏನೂ ಆಗಿಲ್ಲ, ಮೇಲಿನವರು ಮೇಲಿನವರನ್ನು ಬಿಟ್ಟುಕೊಡುವುದಿಲ್ಲ ಎಂದು ಮಂಡಿಯವರು. ಕಡೆಗೆ ಕಾಗದ ಬಂತು. ದೂರನ್ನು ಪರಿಶೀಲಿಸಿ ತಕ್ಕ ಕ್ರಮ ತೆಗೆದುಕೊಂಡು ಮುಗಿಸಲಾಗಿದೆ ಎಂದು ಎರಡೇ ಸಾಲು. ಯಾವ ಕ್ರಮ ಎಂದು ಇರಲಿಲ್ಲ. ಟೀಚರಮ್ಮ ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿದಳು. ವಕೀಲರನ್ನು ಕೇಳಿದರೆ, "ಲೋಪಲ ಏಮಿ ಜರಿಗಿಂದೋ ಎವರಿಕೀ ಚೆಪ್ಪರಮ್ಮಾ" ಎಂದರು. ಒಳಗೆ ನಡೆದದ್ದನ್ನು ಯಾರಿಗೂ ಹೇಳುವುದಿಲ್ಲ. ಇಷ್ಟು ಅಲೆದು, ಇಷ್ಟು ಹೆದರಿ, ಪ್ರಮಾಣ ಮಾಡಿದ ಮೇಲೆ, ಏನಾಯಿತು ಎಂದು ತಿಳಿಯುವ ಹಕ್ಕೂ ನಮಗಿಲ್ಲವೇ ಎಂದು ಒಂದು ಗಳಿಗೆ ಹೊಟ್ಟೆ ಉರಿಯಿತು. ಆಮೇಲೆ ಅದಕ್ಕೂ ಶಕ್ತಿ ಸಾಲದೆ ಅಕ್ಕಿ ಆರಿಸಲು ಕೂತೆ.

ಜಡ್ಜಿಯವರು ಅದೇ ಕುರ್ಚಿಯಲ್ಲೇ ಇದ್ದರು. ಕೇಸನ್ನು ಬೇರೆ ಕೋರ್ಟಿಗೆ ಹಾಕಿಸಿಕೊಳ್ಳಬಹುದು, ಆದರೆ ಇನ್ನೂ ದೂರ, ಹೋಗಿ ಬರಲು ಇಡೀ ದಿನ ಬೇಕು ಎಂದರು ವಕೀಲರು. ನಾದಿನಿ ಬೇಡವೆಂದಳು. "ಇಡೀ ದಿನ ಮನೆ ಬಿಟ್ಟು ಹೋದ್ರೆ ವಾಪಸು ಬರೋ ಹೊತ್ತಿಗೆ ಅವನ ಬೀಗ ಇರ್ತದೆ. ಇಲ್ಲೇ ಹತ್ತುತೀನಿ ಬಿಡಿ."

"ಹೆದರಿಕೆ ಇಲ್ವೇನೇ?" ಎಂದೆ.

"ಐತೆ. ಅವರಿಗೂ ಇರ್ತದೆ."

ಆ ದಿನ ಅದೇ ಹಿಂದಿನ ಬೆಂಚಿನಲ್ಲಿ ಕೂತೆ. ಹೆಸರು ಕೂಗಿದರು. ಅವಳು ಬೋನು ಹತ್ತಿದಳು. ಅಟೆಂಡರು ಬಾಯಿಪಾಠದಂತೆ "ದೇವುನಿ ಸಾ..." ಎಂದು ಶುರು ಮಾಡಿದ. ಜಡ್ಜಿಯವರು ಕಾಗದದಿಂದ ಕಣ್ಣೆತ್ತದೆ ಕೈ ಅಡ್ಡ ಹಿಡಿದರು. ಅವರೇ ನಿಧಾನವಾಗಿ, ದೇವರ ಹೆಸರಿಲ್ಲದ ಮಾತನ್ನು ಒಂದೊಂದೇ ತುಂಡು ಮಾಡಿ ಹೇಳಿಕೊಟ್ಟರು. ನಾನು ಹೇಳುವುದೆಲ್ಲ ನಿಜವೆಂದು ಮನಃಪೂರ್ವಕವಾಗಿ ಹೇಳುತ್ತೇನೆ ಎಂಬ ಅರ್ಥದ್ದು. ಅವಳು ಹಿಂದೆಯೇ ಹೇಳಿದಳು. ಮೊದಲ ತುಂಡಿಗೆ ದನಿ ನಡುಗಿತು, ಕೊನೆಯದಕ್ಕೆ ಸರಿಹೋಯಿತು.

ಅವರು ತಪ್ಪಾಯಿತು ಎನ್ನಲಿಲ್ಲ. ಅನ್ನುತ್ತಾರೆಂದು ನಾವೂ ಕಾದಿರಲಿಲ್ಲ. ಎದುರು ವಕೀಲರು ಗದರಿಸಿ ಪ್ರಶ್ನೆ ಕೇಳಿದಾಗ ಒಂದು ಸಲ ಮಾತ್ರ, "ಮೆಲ್ಲಗಾ ಅಡಗಂಡಿ" ಎಂದರು. ಮೆಲ್ಲಗೆ ಕೇಳಿ ಎಂದು. ನಾದಿನಿಯ ಕಡೆ ಮಾತ್ರ ಕೊನೆಯವರೆಗೂ ನೋಡಲಿಲ್ಲ. ನಾನು ಅವರನ್ನೇ ನೋಡುತ್ತಿದ್ದೆ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವರ ಮನೆಯಲ್ಲೂ ಯಾರೋ ಒಬ್ಬಳು ಈ ತಿಂಗಳುಗಳಲ್ಲಿ ದೀಪ ಹಚ್ಚಿ ಕಾದಿರಬೇಕು ಎಂಬ ಯೋಚನೆ ಬಂತು. ಬೇಡವೆಂದರೂ ಬಂತು.

ತೀರ್ಪು ಅವರೇ ಕೊಟ್ಟರು. ಎರಡು ಕೋಣೆಯೂ ಅವಳು ಇರುವುದಕ್ಕೆ, ಅವಳನ್ನು ಯಾರೂ ಅಲ್ಲಿಂದ ಹೊರಗೆ ಹಾಕುವಂತಿಲ್ಲ. ನ್ಯಾಯ ನೋಡಿ ಕೊಟ್ಟರೋ, ಮೇಲಿನವರ ಭಯಕ್ಕೆ ಕೊಟ್ಟರೋ, ಸಾಕಾಗಿ ಕೊಟ್ಟರೋ ನನಗೆ ಗೊತ್ತಿಲ್ಲ. ಬೇಸಿಗೆಯ ವರ್ಗಾವಣೆಯಲ್ಲಿ ಅವರು ಬೇರೆ ಊರಿಗೆ ಹೋದರಂತೆ. ಅದು ಎಲ್ಲರಿಗೂ ಆಗುವ ವರ್ಗಾವಣೆಯೋ ದೂರಿನದೋ, ಅದೂ ಗೊತ್ತಿಲ್ಲ. ಕೈಗೆ ಬಂದದ್ದನ್ನು ಕಣ್ಣಿಗೊತ್ತಿಕೊಂಡೆ.

ಅತ್ತೆ ಕೇಳಿದ್ದು ಒಂದೇ. "ದೇವರ ಹೆಸರು ಹೇಳಿದ್ಲಾ?"

"ಇಲ್ಲ ಅತ್ತೆಮ್ಮ."

"ಹಂಗಾದ್ರೆ ಸರಿ" ಎಂದು ಮಗ್ಗುಲಾದರು.

ಮೊನ್ನೆ ಮಧ್ಯಾಹ್ನ ನಾದಿನಿ ಫೋನು ಮಾಡಿದಳು. ಹಿಂದೆ ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತು. "ಅತ್ತಿಗೆ, ಈವತ್ತು ಬಾಗಿಲು ಹಂಗೇ ಮುಂದಕ್ಕೆ ಎಳ್ಕಂಡು ನೀರಿಗೆ ಹೋಗಿದ್ದೆ. ಬೀಗ ಹಾಕಲಿಲ್ಲ."

"ನೆಪ್ಪು ಹಾರಿತ್ತಾ?"

"ಇಲ್ಲ, ಬೇಕಂತಲೇ."

"ಚೆನ್ನಾಗೈತೆ. ಕಳ್ಳಕಾಕರು ಬಂದ್ರೆ ಆರ್ಡರು ತೋರಿಸ್ತೀಯಾ? ಬೀಗ ಹಾಕ್ಕಂಡು ಹೋಗೇ" ಎಂದು ಬೈದೆ. ಅವಳು ಆ ಕಡೆಯಿಂದ ನಗುತ್ತಿದ್ದಳು. ನನಗೂ ಒಂದು ಸ್ವಲ್ಪ ಹೊತ್ತು ಹಾಗೇ ಕಾಲು ಚಾಚಿ ಕೂರೋಣವೆನಿಸಿತು.